ಎಂಟು, ಹದಿನಾಲ್ಕು, ಐವತ್ತು

1894ರಲ್ಲಿ ಮೈಸೂರು ಸಂಸ್ಥಾನ ಶಿಶುವಿವಾಹವನ್ನು ತಡೆಯಲು ಒಂದು ರೆಗ್ಯುಲೇಷನ್ ಹೊರಡಿಸಿತು. ಅದರ ಸಾರ ಎರಡೇ ಮಾತು. 8 ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಕಟ್ಟಿಕೊಳ್ಳಕೂಡದು. ಇಂಥದ್ದನ್ನೂ ಕಾಯಿದೆ ಮಾಡಿ ಹೇಳಬೇಕಾಗಿತ್ತೇ ಎಂದು ಇಂದಿನವರಿಗೆ ಅನಿಸೀತು. ಆ ಹೊತ್ತಿಗೆ ಮಾತ್ರ ಅದು ದೊಡ್ಡ ಎದೆಗಾರಿಕೆಯೇ. ಮದುವೆಯ ವಯಸ್ಸಿಗೆ ಎಲ್ಲ ಜಾತಿ ಮತದವರನ್ನೂ ಒಳಗೊಂಡ ಮಿತಿ ಹಾಕುವ ಧೈರ್ಯ ಬ್ರಿಟಿಷ್ ಸರ್ಕಾರಕ್ಕೆ ಬಂದದ್ದು ಅದಾಗಿ 35 ವರ್ಷಗಳ ಮೇಲೆ, 1929ರ ಶಾರದಾ ಕಾಯಿದೆಯಲ್ಲಿ.

ಮೈಸೂರಿನ ಆ ಕಾಯಿದೆಯ ಹಿಂದೆ ಕಲ್ಕತ್ತೆಯ ಒಂದು ಸಾವಿತ್ತು. 1889ರಲ್ಲಿ ಫೂಲ್‌ಮಣಿ ದಾಸಿ ಎಂಬ ಹತ್ತು ಹನ್ನೊಂದರ ಬಾಲೆ ಗಂಡನ ಸಹವಾಸದಿಂದ ರಕ್ತಸ್ರಾವವಾಗಿ ಸತ್ತಳು. ಗಂಡನಿಗೆ 35ರ ಆಸುಪಾಸು. ಆ ಮೊಕದ್ದಮೆಯ ಗದ್ದಲದಲ್ಲಿ 1891ರ ಸಮ್ಮತಿ ವಯಸ್ಸಿನ ಕಾಯಿದೆ ಬಂತು. ಸಹವಾಸದ ಕನಿಷ್ಠ ವಯಸ್ಸು 10ರಿಂದ 12ಕ್ಕೇರಿತು. ಅಷ್ಟಕ್ಕೇ ಪುಣೆಯಲ್ಲಿ ತಿಲಕರು ಕೆರಳಿ ನಿಂತರು, ಧರ್ಮದಲ್ಲಿ ಸರ್ಕಾರ ಕೈಯಾಡಿಸುತ್ತಿದೆ ಎಂದು ಸಭೆಗಳು ನಡೆದವು. ಮೈಸೂರಿನಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಹಿಡಿದದ್ದು ಬೇರೆ ದಾರಿ. ಮಲಗುವ ಕೋಣೆಯ ತಂಟೆ ಬಿಟ್ಟು ಕಲ್ಯಾಣಮಂಟಪದ ಬಾಗಿಲಲ್ಲಿ ಕಾವಲು ಹಾಕಿದರು. ಮದುವೆ ನಾಲ್ಕು ಜನರ ಎದುರು ನಡೆಯುತ್ತದೆ, ಸಾಕ್ಷಿ ಹುಡುಕುವ ಕಷ್ಟವಿಲ್ಲ. ಆಡಳಿತಗಾರನ ತಲೆ ಓಡುವುದೇ ಹಾಗೆ.

ಅರಮನೆಯ ಒಳಗೂ ಕಾಲ ಬೇರೆಯೇನಿರಲಿಲ್ಲ. ಕಾಯಿದೆಗೆ ಅಂಕಿತ ಹಾಕಿದ ಚಾಮರಾಜೇಂದ್ರ ಒಡೆಯರ ಪಟ್ಟದರಾಣಿ ಕೆಂಪನಂಜಮ್ಮಣ್ಣಿಯವರು 1866ರಲ್ಲಿ ಹುಟ್ಟಿ 1878ರಲ್ಲಿ ಮದುವೆಯಾದವರು, ಅಂದರೆ ಹನ್ನೆರಡಕ್ಕೆ. ಅದೇ 1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ರಾಣಿಯವರಿಗೆ 28. ವಾಣೀವಿಲಾಸ ಸನ್ನಿಧಾನವೆಂಬ ಹೆಸರಿನಲ್ಲಿ ಎಂಟು ವರ್ಷ ರಾಜ್ಯವಾಳಿದರು. ಅದೇ ಮೈಸೂರಿನಲ್ಲಿ 1881ರಿಂದ ಅಂಬಳೆ ನರಸಿಂಹಯ್ಯಂಗಾರರ ಶ್ರಮದಿಂದ ನಡೆಯುತ್ತಿದ್ದ ಮಹಾರಾಣಿ ಹೆಣ್ಣುಮಕ್ಕಳ ಶಾಲೆಗೂ ಬಾಲ್ಯವಿವಾಹದ್ದೇ ಗೋಳು. ಹುಡುಗಿ ಓದಿನ ರುಚಿ ಹತ್ತುವ ಹೊತ್ತಿಗೆ ಮೈನೆರೆಯುತ್ತಿದ್ದಳು, ಮನೆಯವರು ಶಾಲೆ ಬಿಡಿಸುತ್ತಿದ್ದರು.

ಮದುವೆಯ ವಯಸ್ಸಿನ ಈ ವಾದವಿವಾದಗಳಲ್ಲೆಲ್ಲ ಎರಡೂ ಪಕ್ಷದವರು ಕೈಗೆತ್ತಿಕೊಂಡದ್ದು ಒಂದೇ ಹಳೆಯ ಗ್ರಂಥವನ್ನು ಎಂಬುದು ತಮಾಷೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ 25ರ ಗಂಡಿಗೆ 12ರ ಹೆಣ್ಣನ್ನು ತರಬಹುದೆಂದಿದೆ. ಅಲ್ಲೇ, ಹದಿನಾರು ತುಂಬದವಳು ಬಸುರಾದರೆ ಶಿಶು ಒಳಗೇ ಸಾಯುತ್ತದೆ, ಹುಟ್ಟಿದರೂ ಬಹುಕಾಲ ಬಾಳದು ಎಂಬ ಎಚ್ಚರಿಕೆಯೂ ಇದೆ. ಸುಧಾರಕರು ಎರಡನೆಯದನ್ನು ಹಿಡಿದರು, ಸಂಪ್ರದಾಯಸ್ಥರು ಮೊದಲನೆಯದನ್ನು. ಮುಟ್ಟು 12ಕ್ಕೆ ಶುರುವಾಗಿ 50ಕ್ಕೆ ನಿಲ್ಲುತ್ತದೆ ಎಂಬ ಲೆಕ್ಕವೂ ಅದರಲ್ಲೇ ಇದೆ. ಆ 50ರ ಕಡೆಗೆ ಮಾತ್ರ ಯಾರೂ ತಿರುಗಿ ನೋಡಲಿಲ್ಲ. ಹೆಣ್ಣಿನ ವಯಸ್ಸು ಎಂದರೆ ಎಲ್ಲರ ಕಣ್ಣೂ ಶುರುವಿನ ಅಂಚಿನ ಮೇಲೆ. ಕೊನೆಯ ಅಂಚಿನ ಪ್ರಶ್ನೆಯನ್ನು ಕೇಳುವವರು ಬರಲು ಇನ್ನೂ ಹಲವು ದಶಕ ಬೇಕಾಯಿತು.

ಮಾಸ್ತಿಯವರು ಸುಮಾರು 1910ರಲ್ಲಿ ಬರೆದ ‘ರಂಗನ ಮದುವೆ’ ಕತೆಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಓದಬೇಕು. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಬಂದ ರಂಗನಿಗೆ ಎಳೆ ಹುಡುಗಿಯರ ಮದುವೆ ಸರಿಯಲ್ಲ ಎಂಬ ಹೊಸ ತಿಳಿವಳಿಕೆ ಬಂದಿರುತ್ತದೆ. ಕೊನೆಗೆ ಅವನ ಮನಸ್ಸು ಸೋಲುವುದು 11 ವರ್ಷದ ರತ್ನಳಿಗೆ. ನಾವೆಲ್ಲ ಶಾಲೆಯಲ್ಲಿ ನಕ್ಕು ಓದಿದ ಕತೆ. ಕಾಯಿದೆ ಬಂದು ಒಂದೂವರೆ ದಶಕ ಕಳೆದಿದ್ದರೂ 11 ಎಂಬುದು ಯಾವ ಓದುಗನ ಹುಬ್ಬನ್ನೂ ಏರಿಸಲಿಲ್ಲವೆಂದರೆ, ಕಾನೂನಿನ 8ಕ್ಕೂ ಸಮಾಜದ ಮನಸ್ಸಿಗೂ ಅಂಥ ಜಗಳವೇನೂ ಇರಲಿಲ್ಲ ಎಂದಾಯಿತು. ಆ ಮದುವೆಗಳ ಇನ್ನೊಂದು ಮುಖ ಕಾಣಬೇಕಾದರೆ ನಂಜನಗೂಡು ತಿರುಮಲಾಂಬ ಅವರನ್ನು ನೆನೆಯಬೇಕು. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಮುಂದೆ ಅವರು ಪತ್ರಿಕೆ ನಡೆಸಿದರು, ಕಾದಂಬರಿ ಬರೆದರು. ಬಸುರು ಬಾಣಂತನದ ಸುತ್ತಿನಿಂದ ಹೊರಗುಳಿದದ್ದು ಅವರ ಆಯ್ಕೆಯಾಗಿರಲಿಲ್ಲ.

ಆ ಸುತ್ತಿನೊಳಗೆ ಉಳಿದವರ ಬದುಕು ಹೇಗಿತ್ತು? ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಜೀವನವೇ ಇದಕ್ಕೆ ಉತ್ತರ. 1920ರಲ್ಲಿ ಹುಟ್ಟಿದವರು, ಹನ್ನೆರಡಕ್ಕೆ ಮದುವೆ, ಹೆತ್ತದ್ದು ಹನ್ನೆರಡು. ಅದರಲ್ಲಿ ನಾಲ್ಕು ಮಕ್ಕಳು ಚಿಕ್ಕಂದಿನಲ್ಲೇ ಹೋದವು. ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ ಅವರು ಬೇರೆ ಹೆಂಗಸರಿಗೆ ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು, ಒಂದಕ್ಕೂ ಕಾಸು ಮುಟ್ಟಿದವರಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಅವರ ಕಾಲದ ಹೆಣ್ಣಿಗೆ ಹೆರುವುದು ಬದುಕಿನ ಒಂದು ಘಟ್ಟವಾಗಿರಲಿಲ್ಲ, ಇಪ್ಪತ್ತು ಇಪ್ಪತ್ತೈದು ವರ್ಷಗಳ ದುಡಿಮೆಯಾಗಿತ್ತು. ಬಸುರು, ಬಾಣಂತನ, ಎರಡು ಮೂರು ವರ್ಷ ಮೊಲೆಯೂಡಿಕೆ, ಮತ್ತೆ ಬಸುರು. ನಡುವೆ ಅಂತರ ಸಿಗುತ್ತಿದ್ದುದು ಎದೆಹಾಲಿನ ದೆಸೆಯಿಂದ, ತವರಿನಲ್ಲಿ ಕಳೆದ ತಿಂಗಳುಗಳಿಂದ.

ಈ ಸುತ್ತನ್ನು ಮಧ್ಯದಲ್ಲಿ ತಡೆಯಬಹುದೆಂದು ಮೊದಲು ಬಹಿರಂಗವಾಗಿ ಹೇಳಿದ ಸರ್ಕಾರವೂ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನಗಿರಿ. 1930ರ ಜೂನಿನಲ್ಲಿ ಸಂಸ್ಥಾನದ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶವಾಯಿತು. ಸರ್ಕಾರವೊಂದು ತಾನೇ ಇಂಥ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಮುಂಬಯಿಯಲ್ಲಿ ರಘುನಾಥ ಕರ್ವೆ 1921ರಿಂದಲೇ ಇದೇ ಕೆಲಸಕ್ಕೆ ಕೈಹಾಕಿ ನೌಕರಿ ಕಳೆದುಕೊಂಡು ಕೋರ್ಟು ಕಚೇರಿ ಅಲೆದಿದ್ದರು. ಗಾಂಧೀಜಿಗಂತೂ ಸಾಧನಗಳ ಮಾತೇ ಹಿಡಿಸುತ್ತಿರಲಿಲ್ಲ. 1935ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಎಷ್ಟು ವಾದಿಸಿದರೂ, ಸಂಯಮವೊಂದೇ ದಾರಿ ಎಂಬ ತಮ್ಮ ಪಟ್ಟು ಅವರು ಸಡಿಲಿಸಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ದೆಹಲಿಯಲ್ಲಿ ಆರೋಗ್ಯ ಸಚಿವೆಯಾಗಿ ಕೂತ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಶಿಷ್ಯೆ. ಜನಸಂಖ್ಯೆಯ ಚಿಂತೆಯೂ ಇತ್ತು, ಗುರುವಿನ ಮಾತೂ ಇತ್ತು. ಎರಡನ್ನೂ ಉಳಿಸುವ ಉಪಾಯವೊಂದು ಸಿಕ್ಕಿತು: ಸುರಕ್ಷಿತ ದಿನಗಳ ಲೆಕ್ಕ. ಹೆಣ್ಣಿನ ದೇಹದಲ್ಲಿ ಮೊಟ್ಟೆ ಬಿಡುಗಡೆಯಾಗುವುದು ತಿಂಗಳಲ್ಲಿ ಒಮ್ಮೆ, ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಎಂಬುದನ್ನು ಜಪಾನಿನ ಕ್ಯುಸಾಕು ಒಗಿನೊ, ಆಸ್ಟ್ರಿಯಾದ ಹರ್ಮನ್ ಕ್ನೌಸ್ 1920ರ ದಶಕದಲ್ಲಷ್ಟೇ ಕಂಡುಕೊಂಡಿದ್ದರು. ಆ ಕೆಲವು ದಿನ ಗಂಡ ಹೆಂಡತಿ ದೂರವಿದ್ದರೆ ಆಯಿತು, ಔಷಧಿಯೂ ಬೇಡ, ರಬ್ಬರೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ನ್ಯೂಯಾರ್ಕಿನ ಡಾಕ್ಟರ್ ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಪ್ರಯೋಗಕ್ಕೆ ಎರಡು ಜಾಗ ಗೊತ್ತಾಯಿತು. ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ.

ಕ್ಲೋಸ್‌ಪೇಟೆಯೆಂಬ ಹಳೆಯ ಹೆಸರು ಕಳಚಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ‘ಶೋಲೆ’ಯ ಗಬ್ಬರ್ ಸಿಂಗ್ ಅಲ್ಲಿನ ಬಂಡೆ ಏರಲು ಇನ್ನೂ ಎರಡು ದಶಕ ಬಾಕಿ. ರೇಷ್ಮೆಗೂಡಿನ ವ್ಯಾಪಾರದ ಆ ಊರಿನ ಹೆಂಗಸರ ಕೈಗೆ 1952ರ ಸುಮಾರಿಗೆ ಒಂದು ಮಣಿಸರ ಬಂತು. ಮುಟ್ಟಿನ ಚಕ್ರದ ದಿನಕ್ಕೊಂದು ಮಣಿ, ದಿನಕ್ಕೊಂದನ್ನು ಪಕ್ಕಕ್ಕೆ ಸರಿಸಬೇಕು. ಒಂದು ಬಣ್ಣದ ಮಣಿ ಬಂದರೆ ಭಯವಿಲ್ಲ, ಇನ್ನೊಂದು ಬಣ್ಣ ಬಂದರೆ ಗಂಡನಿಂದ ದೂರ. ಕಾಗದದ ಮೇಲೆ ಸೊಗಸಾದ ಯೋಜನೆ. ಮನೆಯೊಳಗೆ ಹೋದ ಮೇಲೆ ತೊಡಕು ಶುರು. ದೀಪವಾರಿದ ಮೇಲೆ ಬಣ್ಣ ಕಾಣದು. ಅದಕ್ಕೆಂದು ಮಣಿಗಳ ಆಕಾರವನ್ನೇ ಬೇರೆ ಬೇರೆ ಮಾಡಬೇಕಾಯಿತು. ಸರ ಕೊರಳಲ್ಲಿದ್ದರೆ ಕಂಡವರಿಗೆಲ್ಲ ಗುಟ್ಟು ರಟ್ಟು. ಸರ ಇದ್ದರೆ ಸಾಕು, ತಾಯಿತದಂತೆ ಅದೇ ಕಾಯುತ್ತದೆ ಎಂದು ನಂಬಿದವರೂ ಇದ್ದರು ಎಂದು ಆ ಕಾಲದ ಬರಹಗಳು ಹೇಳುತ್ತವೆ. ಎಲ್ಲಕ್ಕಿಂತ ದೊಡ್ಡ ತೊಡಕನ್ನು ಯಾವ ಮಣಿಯೂ ಬಿಡಿಸಲಾರದು. ತಿಂಗಳು ತಿಂಗಳು ತಪ್ಪದೆ ಮುಟ್ಟಾಗುವವಳಿಗೆ ಮಾತ್ರ ಈ ಲೆಕ್ಕ. ವರ್ಷಗಟ್ಟಲೆ ಮೊಲೆಯೂಡಿಸುವ, ಇಲ್ಲವೇ ಬಸುರಿಯಾಗಿರುವ ಹೆಂಗಸಿಗೆ ಎಲ್ಲಿಯ ತಿಂಗಳು? ಬೇಡದ ದಿನ ಬೇಡ ಎನ್ನುವ ಹಕ್ಕಾದರೂ ಅವಳದಾಗಿತ್ತೇ ಎಂಬ ಪ್ರಶ್ನೆಯನ್ನು ಯೋಜನೆ ಮಾಡಿದವರು ಬಹುಶಃ ಹಾಕಿಕೊಂಡಿರಲಿಲ್ಲ.

ಅಲ್ಲಿಂದ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಚನ್ನಪಟ್ಟಣ ದಾಟಿ ದೊಡ್ಡಮಳೂರು. ಅಂಬೆಗಾಲು ಕೃಷ್ಣನ ಗುಡಿ. ಮಕ್ಕಳಿಲ್ಲದವರು ಅಲ್ಲಿ ಪುಟ್ಟ ತೊಟ್ಟಿಲುಗಳನ್ನು ಹರಕೆ ಕೊಡುತ್ತಾರೆ. ಒಂದೇ ರಸ್ತೆಯ ಒಂದು ಊರಲ್ಲಿ ಬಸುರಾಗದಿರಲು ಮಣಿ, ಇನ್ನೊಂದು ಊರಲ್ಲಿ ಬಸುರಾಗಲು ತೊಟ್ಟಿಲು. ಮಣಿಸರದ ಪ್ರಯೋಗ ಒಂದೆರಡು ವರ್ಷಕ್ಕೇ ಮುಗಿಯಿತು. ತೊಟ್ಟಿಲು ಇಂದಿಗೂ ತೂಗುತ್ತಿದೆ.

ಅದೇ ವರ್ಷಗಳಲ್ಲಿ, 1951–52ರಲ್ಲಿ, ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ಬೆಂಗಳೂರು ನಗರದಲ್ಲೂ ಮೈಸೂರಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ಒಂದು ಸಮೀಕ್ಷೆ ನಡೆಸಿದವು. ಸಿ. ಚಂದ್ರಶೇಖರನ್ ಅದರ ಮುಂದಾಳು. 1961ರಲ್ಲಿ ಪ್ರಕಟವಾದ ‘ಮೈಸೂರು ಪಾಪ್ಯುಲೇಷನ್ ಸ್ಟಡಿ’ ಜನಸಂಖ್ಯಾಶಾಸ್ತ್ರಜ್ಞರು ಇಂದಿಗೂ ತೆಗೆದು ನೋಡುವ ವರದಿ. ಅದೂ, ಅದರ ಬೆನ್ನಿಗೆ ದಕ್ಷಿಣ ಭಾರತದಲ್ಲಿ ನಡೆದ ಅಧ್ಯಯನಗಳೂ ಒಂದು ಕುತೂಹಲದ ಪದ್ಧತಿಯನ್ನು ಗುರುತಿಸಿವೆ. ಮಗಳು ಬಸುರಿಯಾದಳು, ಸೊಸೆ ಮನೆತುಂಬಿದಳು ಎಂದರೆ ತಾಯಿ ಗಂಡನ ಹಾಸಿಗೆ ಬಿಡುತ್ತಿದ್ದಳು. ತಾಯಿ ಮಗಳು ಒಂದೇ ಮನೆಯಲ್ಲಿ ಒಟ್ಟಿಗೆ ಬಾಣಂತಿಯರಾದರೆ ಊರು ನಗುತ್ತಿತ್ತು. ಮಗಳ ಬಾಣಂತನಕ್ಕೆ ನೀರು ಕಾಯಿಸಬೇಕಾದವಳೇ ಮಂಚ ಹತ್ತಿ ಮಲಗುವುದು ಎಲ್ಲಾದರೂ ಉಂಟೇ.

ಈಗ ಲೆಕ್ಕ ಹಾಕಿ. ಹದಿನಾರು ಹದಿನೇಳಕ್ಕೆ ಚೊಚ್ಚಲು ಹೆತ್ತವಳು, ಆ ಮಗಳೂ ಅದೇ ವಯಸ್ಸಿಗೆ ಹೆತ್ತರೆ, 35ರ ಆಸುಪಾಸಿನಲ್ಲಿ ಅಜ್ಜಿ. ಅಲ್ಲಿಗೆ ಅವಳ ಹೆರುವ ಬಾಳು ಮುಗಿಯಿತು. ಇಂದು ಡಾಕ್ಟರುಗಳು ಎಚ್ಚರಿಸುವ 35ಕ್ಕೂ ಇದಕ್ಕೂ ಸಂಬಂಧವಿಲ್ಲ. ಡಾಕ್ಟರುಗಳ 35 ಅಂಡಾಶಯದ ಮಾತು, ಹಳ್ಳಿಯ 35 ಮರ್ಯಾದೆಯ ಮಾತು. ದೇಹಕ್ಕೆ ಇನ್ನೂ ಕಸುವಿದ್ದಾಗಲೇ ಸಮಾಜ ತೆರೆ ಎಳೆಯುತ್ತಿತ್ತು. ಹಾಗಾಗಿ ವಯಸ್ಸು ಮೀರಿದರೆ ಬಸುರಾಗುವುದು ಕಷ್ಟ ಎಂಬ ಸಂಗತಿ ನಮ್ಮ ಅಜ್ಜಿಯರಿಗೆ ತಿಳಿದಿದ್ದರೂ, ಅದರ ಚಿಂತೆ ಕಾಡಿದವರು ಕಡಿಮೆ. ಮದುವೆಯಾಗಿ ಮೂರು ವರ್ಷದಲ್ಲಿ ಹೊಟ್ಟೆ ತುಂಬದವಳಿಗೆ ನಾಗರಕಲ್ಲು, ಅರಳಿಕಟ್ಟೆ, ಸವತಿಯ ಭಯ. ಅವಳಿಗಾಗ ಇಪ್ಪತ್ತೂ ತುಂಬಿರುತ್ತಿರಲಿಲ್ಲ.

ಹಾಗಾದರೆ ವಿಜ್ಞಾನದ 35 ಎಲ್ಲಿಂದ ಬಂತು?

ಅಚ್ಚರಿಯಾಗುವಷ್ಟು ದೂರದಿಂದ. ಹೆಣ್ಣುಮಗು ಹುಟ್ಟುವಾಗಲೇ ತನ್ನ ಬಾಳಿಗೆಲ್ಲ ಸಾಕಾಗುವ ಮೊಟ್ಟೆಗಳನ್ನು ಹೊತ್ತು ಬರುತ್ತದೆ, ಆಮೇಲೆ ಹೊಸದು ಹುಟ್ಟುವುದಿಲ್ಲ ಎಂದು ಜರ್ಮನಿಯ ವಾಲ್ಡೆಯರ್ 1870ರಲ್ಲಿ ಹೇಳಿದ. 1963ರಲ್ಲಿ ಬ್ರಿಟನ್ನಿನ ಟಿ.ಜಿ. ಬೇಕರ್ ಸೂಕ್ಷ್ಮದರ್ಶಕದ ಕೆಳಗೆ ಅವನ್ನು ಎಣಿಸಿಯೇಬಿಟ್ಟ. ಐದು ತಿಂಗಳ ಭ್ರೂಣದಲ್ಲಿ ಸುಮಾರು 70 ಲಕ್ಷ, ಹುಟ್ಟುವಾಗ 20 ಲಕ್ಷ, ಏಳು ವರ್ಷದ ಹುಡುಗಿಯಲ್ಲಿ 3 ಲಕ್ಷ. ಖರ್ಚೇ ಆಗದೆ ಕರಗುವ ಕಣಜ ಇದು. ಇಡೀ ಬಾಳಿನಲ್ಲಿ ಬಿಡುಗಡೆಯಾಗುವುದು 400–500 ಮಾತ್ರ. ಉಳಿದದ್ದು ಒಳಗೊಳಗೇ ಸವೆಯುತ್ತದೆ, 37ರ ಸುಮಾರಿಗೆ ಉಳಿಯುವುದು 25,000ದಷ್ಟು. ಎಣಿಕೆಗಿಂತ ದೊಡ್ಡ ತೊಂದರೆ ಗುಣದ್ದು. ತಾಯಿಯ ಗರ್ಭದಲ್ಲಿದ್ದಾಗಲೇ ಅರ್ಧ ವಿಭಜನೆಯಾಗಿ ನಿಂತ ಮೊಟ್ಟೆ, ಮೂವತ್ತೈದು ನಲವತ್ತು ವರ್ಷದ ಮೇಲೆ ಆ ಕೆಲಸ ಮುಂದುವರಿಸಹೊರಟಾಗ ವರ್ಣತಂತುಗಳು ಸರಿಯಾಗಿ ಪಾಲಾಗದೆ ಹೋಗುತ್ತವೆ. ಬಸುರು ನಿಲ್ಲದಿರುವುದಕ್ಕೂ, ನಿಂತದ್ದು ಇಳಿದುಹೋಗುವುದಕ್ಕೂ ಮುಖ್ಯ ಕಾರಣ ಅದೇ. ಡೌನ್ ಸಿಂಡ್ರೋಮಿಗೆ ನಂಟು ತಾಯಿಯ ವಯಸ್ಸಿನೊಂದಿಗೆ ಎಂಬುದನ್ನು ಲಯನೆಲ್ ಪೆನ್‌ರೋಸ್ 1933ರಲ್ಲೇ ತೋರಿಸಿದ್ದ.

ಕೋಶದ ಕತೆ ಹೀಗಾಯಿತು. ಜೀವಂತ ಹೆಂಗಸರಲ್ಲಿ ಈ ಕುಸಿತ ಯಾವ ವಯಸ್ಸಿನಲ್ಲಿ ಎಷ್ಟು ಎಂದು ತಿಳಿಯುವುದು ಹೇಗೆ? ಬಹಳ ಜನ ಗರ್ಭನಿರೋಧಕ ಬಳಸುತ್ತಾರೆ, ವಯಸ್ಸಾದಂತೆ ಕೂಡುವುದೂ ಕಡಿಮೆಯಾಗುತ್ತದೆ. ಯಾವುದರಿಂದ ಮಕ್ಕಳಾಗಲಿಲ್ಲ ಎಂದು ಬಿಡಿಸಿ ಹೇಳುವುದು ಕಷ್ಟ. ಅದಕ್ಕೇ ವಿದ್ವಾಂಸರು ಉತ್ತರ ಅಮೆರಿಕದ ಹಟರೈಟರ ಹತ್ತಿರ ಹೋದರು. ಧಾರ್ಮಿಕ ಕಾರಣಕ್ಕೆ ಸಂತಾನ ನಿಯಂತ್ರಣವನ್ನೇ ಒಪ್ಪದ, ಮನೆಗೆ ಸರಾಸರಿ ಹತ್ತು ಮಕ್ಕಳಿದ್ದ ಸಮುದಾಯ ಅದು. 1957ರಲ್ಲಿ ಕ್ರಿಸ್ಟೋಫರ್ ಟೀಟ್ಸ ಆ ಸಮುದಾಯದ ದಾಖಲೆಗಳನ್ನು ಶೋಧಿಸಿದಾಗ ಕೊನೆಯ ಹೆರಿಗೆಯ ಸರಾಸರಿ ವಯಸ್ಸು 41ರ ಹತ್ತಿರ ಬಂತು. 34ರ ನಂತರ ಹೆರದವರು ನೂರಕ್ಕೆ 11, ನಲವತ್ತರ ಹೊತ್ತಿಗೆ ಹೆರುವುದು ನಿಂತವರು 33, ನಲವತ್ತೈದರ ಹೊತ್ತಿಗೆ 87.

ಇನ್ನೊಂದು ಅಂಕಿ ಫ್ರಾನ್ಸಿನದು. ಗಂಡನಲ್ಲಿ ವೀರ್ಯಾಣುಗಳೇ ಇಲ್ಲದೆ ದಾನಿಯ ವೀರ್ಯ ಪಡೆದ 2,193 ಹೆಂಗಸರನ್ನು ಗಮನಿಸಿ ಶ್ವಾರ್ಟ್ಸ್ ಮತ್ತು ಮಾಯೋ 1982ರಲ್ಲಿ ವರದಿ ಮಾಡಿದರು. ಹನ್ನೆರಡು ಸರದಿಗಳಲ್ಲಿ ಬಸುರಾದವರು ಮೂವತ್ತರೊಳಗೆ ನೂರಕ್ಕೆ 74ರಷ್ಟು, 31–35ರಲ್ಲಿ 61ರ ಮೇಲೆ, ಮೂವತ್ತೈದು ದಾಟಿದವರಲ್ಲಿ 54ರ ಹತ್ತಿರ. ಜೊತೆಗೆ ಅಚ್ಚಾದ ಸಂಪಾದಕೀಯ, ಇಪ್ಪತ್ತರ ದಶಕ ಹೆರಲು, ಮೂವತ್ತರ ದಶಕ ಉದ್ಯೋಗಕ್ಕೆ ಎಂದು ಹೆಂಗಸರಿಗೆ ಯೋಚಿಸಲು ಹೇಳಿತು. ಅಮೆರಿಕದ ಪತ್ರಿಕೆಗಳು ಹೌಹಾರಿದವು. 2004ರಲ್ಲಿ ಡೇವಿಡ್ ಡನ್ಸನ್ ತಂಡ ಯುರೋಪಿನ 782 ದಂಪತಿಗಳ ಲೆಕ್ಕ ಕೊಟ್ಟಾಗ ಚಿತ್ರ ಸ್ವಲ್ಪ ತಿಳಿಯಾಯಿತು. ವಾರಕ್ಕೆ ಎರಡು ಬಾರಿಯಾದರೂ ಕೂಡಿದರೆ 35–39ರವರಲ್ಲೂ ಒಂದು ವರ್ಷದಲ್ಲಿ ನೂರಕ್ಕೆ 82 ಮಂದಿ ಬಸುರಾಗುತ್ತಾರೆ. 27–34ರವರಲ್ಲಿ ಅದು 86. ಅಂದರೆ 35 ಎಂಬುದು ಪ್ರಪಾತವಲ್ಲ, ಇಳಿಜಾರು. ಕಡಿದಾಗುವುದು ಅದಾದ ಎರಡು ಮೂರು ವರ್ಷದ ಮೇಲೆ. ನಲವತ್ತರ ನಂತರವಂತೂ ನಿಂತ ಬಸುರೂ ಇಳಿಯುವುದು ಹೆಚ್ಚು.

ಇವೆಲ್ಲ ಬಿಳಿಯರ ಅಂಕಿಗಳು ಎಂಬುದನ್ನು ಮರೆಯದಿರುವುದು ಒಳ್ಳೆಯದು. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ಭಾರತದಲ್ಲಿ ಅದು 46–47. ನಿಲ್ಲುವುದೇ ನಾಲ್ಕೈದು ವರ್ಷ ಮೊದಲಾದರೆ, ಇಳಿಜಾರೂ ಮೊದಲೇ ಶುರುವಾಗುತ್ತದೆ ಎಂದು ಊಹಿಸಲು ವಿಶೇಷ ಪಾಂಡಿತ್ಯ ಬೇಕಿಲ್ಲ. ಫ್ರಾನ್ಸಿನ ಹೆಂಗಸಿನ 35ನ್ನು ಹಾವೇರಿಯ ಹೆಂಗಸಿಗೆ ಹಾಗೇ ಅಂಟಿಸುವ ಜಾಹೀರಾತುಗಳನ್ನು ಈ ಕಾರಣಕ್ಕೆ ನಂಬುವಂತಿಲ್ಲ.

1978 ಒಂದು ವಿಚಿತ್ರ ವರ್ಷ. ಮಾರ್ಚಿನಲ್ಲಿ ‘ವಾಷಿಂಗ್ಟನ್ ಪೋಸ್ಟ್’ನ ಅಂಕಣಕಾರ ರಿಚರ್ಡ್ ಕೋಹೆನ್, ದುಡಿಯುವ ಹೆಣ್ಣಿನ ಗಡಿಯಾರ ಟಿಕ್ ಟಿಕ್ ಎನ್ನುತ್ತಿದೆ ಎಂದು ಬರೆದು, ಮುಂದೆ ಲಕ್ಷಾಂತರ ಹೆಂಗಸರ ನಿದ್ದೆ ಕೆಡಿಸಿದ ಆ ಹೋಲಿಕೆಗೆ ಚಾಲನೆ ಕೊಟ್ಟ. ಜುಲೈ 25ಕ್ಕೆ ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್, ಮೊದಲ ಪ್ರನಾಳ ಶಿಶು. ಅಕ್ಟೋಬರ್ 1ರಿಂದ ಭಾರತದಲ್ಲಿ ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸು 18 ಆಯಿತು. ಅದಾಗಿ ಎರಡೇ ದಿನಕ್ಕೆ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ‘ದುರ್ಗಾ’ ಹುಟ್ಟಿದಳು. ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯ ದೇಹದ ಹೊರಗೆ ಫಲಗೊಳಿಸಿ, ಅದಕ್ಕಿಂತ ಮುಖ್ಯವಾಗಿ ಭ್ರೂಣವನ್ನು ಕೆಲವು ವಾರ ಹಿಮಗಟ್ಟಿಸಿ ಇಟ್ಟು, ಆಮೇಲೆ ತಾಯಿಯ ಗರ್ಭಕ್ಕೆ ಸೇರಿಸಿ ಪಡೆದ ಮಗು. ಸರ್ಕಾರ ನೇಮಿಸಿದ ಸಮಿತಿ ನಂಬಲಿಲ್ಲ. ಮುಖೋಪಾಧ್ಯಾಯರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. 1981ರ ಜೂನಿನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

ಈ ಕತೆಯ ಉತ್ತರಾರ್ಧ ಬೆಂಗಳೂರಿನದು. 1986ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಹುಟ್ಟಿದ ಹರ್ಷಾಳನ್ನು ದೇಶದ ಮೊದಲ ಪ್ರನಾಳ ಶಿಶು ಎಂದು ಕರೆದಾಗ, ಅದರ ಹಿಂದಿದ್ದವರು ಡಾ. ಇಂದಿರಾ ಹಿಂದೂಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದಕುಮಾರ್. ನಿವೃತ್ತರಾಗಿ ಬೆಂಗಳೂರಿಗೆ ಬಂದು ಬಂಜೆತನದ ಚಿಕಿತ್ಸಾಲಯ ತೆರೆದಿದ್ದ ಆನಂದಕುಮಾರ್, 1997ರಲ್ಲಿ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಮೊದಲಿಗ ತಾನಲ್ಲ, ಆತ ಎಂದು ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ತನ್ನ ಹೆಸರಿನ ಮುಂದಿದ್ದ ‘ಮೊದಲ’ ಎಂಬುದನ್ನು ತಾನೇ ಕಿತ್ತು ಇನ್ನೊಬ್ಬರಿಗೆ ಕೊಟ್ಟ ವಿಜ್ಞಾನಿಗಳು ಎಷ್ಟು ಮಂದಿ ಸಿಕ್ಕಾರು?

ಭ್ರೂಣ ಹಿಮಗಟ್ಟಿಸುವುದಕ್ಕಿಂತ ಮೊಟ್ಟೆಯನ್ನು ಹಿಮಗಟ್ಟಿಸುವುದು ಕಷ್ಟ. ಅದರೊಳಗಿನ ನೀರು ಹರಳುಗಟ್ಟಿ ಎಲ್ಲವನ್ನೂ ಸೀಳುತ್ತದೆ. ಹಾಗೆ ಇಟ್ಟ ಮೊಟ್ಟೆಯಿಂದ ಮೊದಲ ಮಗು ಹುಟ್ಟಿದ್ದು 1986ರಲ್ಲಿ, ಆಸ್ಟ್ರೇಲಿಯಾದಲ್ಲಿ ಕ್ರಿಸ್ಟೋಫರ್ ಚೆನ್ ಅವರ ಕೈಯಲ್ಲಿ. ಕ್ಷಣಾರ್ಧದಲ್ಲಿ ತಣಿಸುವ ವಿಧಾನ ಬಂದ ಮೇಲೆ ಕೆಲಸ ಹಗುರಾಯಿತು. 2012ರಲ್ಲಿ ಅಮೆರಿಕದ ತಜ್ಞರ ಸಂಘ ಇದು ಇನ್ನು ಪ್ರಯೋಗವಲ್ಲ ಎಂದಿತು. 2014ರಲ್ಲಿ ಫೇಸ್‌ಬುಕ್, ಆಪಲ್ ಕಂಪನಿಗಳು ತಮ್ಮ ಉದ್ಯೋಗಿಗಳಿಗೆ ಇದರ ಖರ್ಚು ಕೊಡುವುದಾಗಿ ಹೇಳಿ ಸುದ್ದಿಯಾದವು. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ದುಡಿಯುವ ಹುಡುಗಿಯರ ಮಾತಿಗೂ ಆ ಮೇಲೆ ‘ಎಗ್ ಫ್ರೀಜಿಂಗ್’ ಸೇರಿಕೊಂಡಿತು. ಇಟ್ಟ ಮೊಟ್ಟೆಗೆ ವಯಸ್ಸಾಗದು, ನಿಜ. ಆದರೆ 38ರಲ್ಲಿ ಇಟ್ಟದ್ದು 38ರ ಮೊಟ್ಟೆಯೇ. ಗ್ಯಾರಂಟಿ ಎಂದು ಮಾರುವವರು ಈ ಮಾತನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ.

2021ರ ಕೊನೆಯಲ್ಲಿ ಬಂದ ಕೇಂದ್ರದ ಕಾಯಿದೆ ಇಂಥ ಚಿಕಿತ್ಸೆಗೆ ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ಎಂದು ಗೆರೆ ಎಳೆದಿದೆ. ಸುಶ್ರುತನ ಕಾಲದಿಂದ ಹಾಗೇ ಬಿದ್ದಿದ್ದ ಕೊನೆಯ ಅಂಚು ಅಂತೂ ಕಾನೂನಿಗೂ ಕಂಡಿತು. 1894ರಲ್ಲಿ 50 ಎಂಬ ಗಡಿ ಗಂಡಸಿನದಾಗಿತ್ತು, ಈಗ ಹೆಂಗಸಿನದು.

ಹೀಗೆಂದ ಮಾತ್ರಕ್ಕೆ ಕರ್ನಾಟಕದ ಹೆಣ್ಣುಮಕ್ಕಳೆಲ್ಲ ತಾಯ್ತನ ಮುಂದೂಡುತ್ತಿದ್ದಾರೆಂದು ತಿಳಿದರೆ ತಪ್ಪು. ಇಲ್ಲಿ ನಡೆದದ್ದು ಪಶ್ಚಿಮದ ತಿರುಗುಮುರುಗು. ಅಲ್ಲಿ ಮೊದಲ ಹೆರಿಗೆ ತಡವಾಗುತ್ತ ಹೋಯಿತು. ಇಲ್ಲಿ ಕೊನೆಯ ಹೆರಿಗೆ ಬೇಗವಾಗುತ್ತ ಬಂತು. 1960–70ರ ದಶಕಗಳಲ್ಲಿ ಗೋಡೆಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಆರತಿಗೊಬ್ಬಳು ಕೀರ್ತಿಗೊಬ್ಬ ಎಂಬ ಜಾಣ ಮಾತು. ತುರ್ತುಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ನಸಬಂದಿ ಮಾಡಿದ ಸಿಟ್ಟು 1977ರ ಚುನಾವಣೆಯಲ್ಲಿ ಸಿಡಿಯಿತು. ಆಮೇಲೆ ಸರ್ಕಾರ ಗಂಡಸರ ಗೊಡವೆಗೆ ಹೋದದ್ದು ಕಡಿಮೆ. ಕುಟುಂಬ ಯೋಜನೆಯೆಂದರೆ ಹೆಂಗಸರ ಆಪರೇಷನ್ ಎಂದಾಯಿತು. 1979ರಿಂದ ಬೆಂಗಳೂರಿನ ಪಶ್ಚಿಮಕ್ಕಿರುವ ಹಳ್ಳಿಗಳಲ್ಲಿ ವರ್ಷಗಟ್ಟಲೆ ಸುತ್ತಾಡಿದ ಆಸ್ಟ್ರೇಲಿಯಾದ ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ, ಬೆಂಗಳೂರು ಪಾಪ್ಯುಲೇಷನ್ ಸೆಂಟರಿನ ಪಿ.ಎಚ್. ರೆಡ್ಡಿ ಈ ಬದಲಾವಣೆಯನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಹುಡುಗಿಯರ ಮದುವೆ ಮೆಲ್ಲಗೆ ತಡವಾಗುತ್ತಿತ್ತು. ವರದಕ್ಷಿಣೆ ಹಿಂದೆ ಇಲ್ಲದ ಜಾತಿಗಳಿಗೂ ಹಬ್ಬುತ್ತಿತ್ತು. ಮಕ್ಕಳನ್ನು ಓದಿಸುವ ಖರ್ಚು ಏರುತ್ತಿತ್ತು. ಬೇಕಾದಷ್ಟು ಮಕ್ಕಳಾದೊಡನೆ ಹೆಂಗಸರು ಆಪರೇಷನ್ನಿಗೆ ಹೋಗುತ್ತಿದ್ದರು. ಅಜ್ಜಿಯಾಗುವವರೆಗೆ ಕಾಯುವ ಹಳೆಯ ಲೆಕ್ಕಕ್ಕೆ ಕೆಲಸವಿಲ್ಲದಾಯಿತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ರಾಜ್ಯದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು 1.7. ಅದೇ ಸಮೀಕ್ಷೆಯಲ್ಲಿ 20–24ರ ವಯಸ್ಸಿನ ಹೆಂಗಸರ ಪೈಕಿ ಐವರಲ್ಲಿ ಒಬ್ಬಳಿಗಿಂತ ತುಸು ಹೆಚ್ಚು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಬಾಲ್ಯವಿವಾಹ ಹುಟ್ಟಿನಿಂದಲೇ ಅಸಿಂಧು ಎಂದು ಕರ್ನಾಟಕ ತನ್ನದೇ ತಿದ್ದುಪಡಿ ತಂದ ಮೇಲೂ ಇದು ಪರಿಸ್ಥಿತಿ. ದೇಶಮಟ್ಟದಲ್ಲಿ ಆಪರೇಷನ್ ಮಾಡಿಸಿಕೊಳ್ಳುವ ವಯಸ್ಸು ಇಪ್ಪತ್ತೈದು ಇಪ್ಪತ್ತಾರರ ಆಸುಪಾಸು. ನರಸಮ್ಮನವರ ಕಾಲದಲ್ಲಿ ಇಪ್ಪತ್ತೈದು ವರ್ಷ ಹಿಡಿಯುತ್ತಿದ್ದ ಕೆಲಸವನ್ನು ಇಂದಿನ ಹಳ್ಳಿಯ ಹೆಣ್ಣುಮಗಳು ಐದಾರು ವರ್ಷದಲ್ಲಿ ಮುಗಿಸಿ, ಕೂಲಿಗೋ ಗಾರ್ಮೆಂಟ್ಸ್‌ಗೋ ಹೊರಡುತ್ತಾಳೆ. ಎರಡು ಮಕ್ಕಳ ನಡುವೆ ಅಂತರ ಬೇಕೆಂದರೆ ಕಾಪರ್ ಟಿ, ಮಾತ್ರೆ ಎಲ್ಲ ಇವೆ. ಬಳಸುವವರು ಕಡಿಮೆ. ಹೆತ್ತು ಮುಗಿಸಿಬಿಡಿ, ಆಮೇಲೆ ನೋಡಿಕೊಳ್ಳೋಣ ಎಂಬುದು ಅತ್ತೆಯ ಮಾತೂ ಹೌದು, ದಶಕಗಟ್ಟಲೆ ಸರ್ಕಾರದ ಧೋರಣೆಯೂ ಹೌದು.

ಇದರಲ್ಲಿ ಲಾಭವಿಲ್ಲವೆಂದಲ್ಲ. ಇಪ್ಪತ್ತರ ದಶಕದ ಹೆರಿಗೆ ದೇಹಕ್ಕೆ ಸುಲಭ, ಬಸುರು ಇಳಿಯುವ ಭಯವೂ ಕಡಿಮೆ. ತೊಡಕು ಬರುವುದು ಬದುಕು ಎಣಿಸಿದಂತೆ ನಡೆಯದಾಗ. ಆಪರೇಷನ್ನಿಗೆ ಸರ್ಕಾರ ಇಟ್ಟಿರುವ ನಿಯಮ, ಹೆಣ್ಣಿಗೆ 22 ತುಂಬಿರಬೇಕು, ಒಂದು ವರ್ಷ ದಾಟಿದ ಒಂದಾದರೂ ಮಗುವಿರಬೇಕು ಎಂಬುದು. ಇಪ್ಪತ್ತಮೂರಕ್ಕೆ ಆಪರೇಷನ್ ಮಾಡಿಸಿಕೊಂಡವಳ ಮಗು ಕಾಯಿಲೆಯಲ್ಲೋ ಅಪಘಾತದಲ್ಲೋ ತೀರಿಕೊಂಡರೆ, ಗಂಡ ಸತ್ತೋ ಬಿಟ್ಟೋ ಆಕೆ ಮತ್ತೆ ಮದುವೆಯಾದರೆ, ಮೂವತ್ತೈದರ ಹೊತ್ತಿಗೆ ಅವಳೂ ಆಸ್ಪತ್ರೆಯ ಬೆಂಚಿನಲ್ಲಿ ಕೂರುತ್ತಾಳೆ. ಕತ್ತರಿಸಿದ ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ, ಅದು ಕೂಡದಿದ್ದರೆ ಐವಿಎಫ್, ಅಂದರೆ ಪ್ರನಾಳ ಶಿಶುವಿನ ದಾರಿ. ಮೊದಲನೆಯದು ಫಲಿಸುವುದು ಉಳಿದ ನಾಳ ಎಷ್ಟು ಉದ್ದವಿದೆ, ಕಟ್ಟಿದ್ದು ಉಂಗುರದಿಂದಲೋ ಕತ್ತರಿಯಿಂದಲೋ ಎಂಬುದರ ಮೇಲೆ. ಎರಡನೆಯದಕ್ಕೆ ಹಿಡಿಯುವ ಹಣ ಗಾರ್ಮೆಂಟ್ಸಿನ ಎಷ್ಟೋ ತಿಂಗಳ ಸಂಬಳ. ಎರಡಕ್ಕೂ ಮೊದಲು ಡಾಕ್ಟರು ಚೀಟಿಯ ಮೇಲೆ ಬರೆದುಕೊಳ್ಳುವುದು ಅವಳ ವಯಸ್ಸನ್ನು.